ಕ್ಯಾರವಾನ್ ವಾಸ: ನಾಯಿ, ನೆಂಟರು, ನೂರೈವತ್ತು ಲೀಟರ್ ನೀರು

ನಾಲ್ವರು ಮಲಗಬಹುದು ಎಂದು ಹೇಳಿ ಕೊಡುವ ಕ್ಯಾರವಾನ್‌ನಲ್ಲಿ ನಮ್ಮ ಉತ್ತರ ಕನ್ನಡದ ಕರಾವಳಿಯ ಸೆಕೆಗೆ ನೆಮ್ಮದಿಯಾಗಿ ಮಲಗುವವರು ಇಬ್ಬರೇ, ಜೊತೆಗೊಂದು ನಾಯಿ. ನಮ್ಮ ವಾಹನ ನೋಡಲು ಬರುವವರೆಲ್ಲ ಮೊದಲು ಕೇಳುವುದು ಹಾಸಿಗೆ ಎಷ್ಟಿದೆ ಎಂದು. ಮಳೆ, ಸೆಕೆ, ಉಪ್ಪುಗಾಳಿ ಎಲ್ಲವನ್ನೂ ಇದರೊಳಗೇ ಕಳೆದ ಮೇಲೆ ನಾನು ಹೇಳುವುದಿಷ್ಟು: ಹಾಸಿಗೆಯ ಲೆಕ್ಕ ಆಮೇಲೆ ಇರಲಿ. ನೀರಿನ ಟ್ಯಾಂಕ್ ಎಷ್ಟು ದೊಡ್ಡದು, ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂಬುದನ್ನು ಮೊದಲು ನೋಡಿ.

ಯಜಮಾನರು ನಿವೃತ್ತರಾದ ಮೇಲೆ ಟೆಂಪೊ ಟ್ರಾವೆಲರ್ ಗಾತ್ರದ ಡೀಸೆಲ್ ವ್ಯಾನ್ ಕೊಂಡು, ಒಳಗಿನ ಕೆಲಸವನ್ನು ಹೊರಜಿಲ್ಲೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆವು. ಎಲ್ಲ ಸೇರಿ ಮೂವತ್ತು ಲಕ್ಷ ರೂಪಾಯಿ ದಾಟಿತು. ಹಿಂಭಾಗದಲ್ಲಿ ಅಡ್ಡಲಾಗಿ ದೊಡ್ಡ ಹಾಸಿಗೆ. ನಡುವೆ ಎದುರುಬದುರು ಬೆಂಚು, ಮೇಜು. ಮೇಜು ಇಳಿಸಿದರೆ ಅದೇ ಎರಡನೇ ಹಾಸಿಗೆ. 150 ಲೀಟರ್ ನೀರಿನ ಟ್ಯಾಂಕ್, ಕ್ಯಾಸೆಟ್ ಶೌಚಾಲಯ (ಮಲಿನ ತುಂಬುವ ಪೆಟ್ಟಿಗೆಯನ್ನು ಹೊರಗೆಳೆದು ಸುರಿಯುವಂಥದ್ದು), 12 ವೋಲ್ಟ್ ಫ್ರಿಜ್, 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಚಾವಣಿಯ ಮೇಲೆ 400 ವಾಟ್ ಸೋಲಾರ್ ಪ್ಯಾನೆಲ್ ಮತ್ತು ಎಸಿ. ಕಾಗದಪತ್ರದ ಬಗ್ಗೆ ಒಂದು ಮಾತು: ವಾಹನದ ಮೂಲ ರೂಪ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡಿಯಲ್ಲಿ ಬರುತ್ತದೆ. ಬದಲಾವಣೆ ಆರ್‌ಸಿಯಲ್ಲಿ ದಾಖಲಾಗದೆ ರಸ್ತೆಗಿಳಿಸಬೇಡಿ, ವಿಮೆಯವರಿಗೂ ತಿಳಿಸಿ.

ದೀಪಾವಳಿ ಮುಗಿದ ಮೇಲೆ ನಾವು ಕರಾವಳಿಗೆ ಇಳಿಯುತ್ತೇವೆ. ಕಾರವಾರ, ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರ, ಭಟ್ಕಳ. ಪರಿಚಯದವರ ತೋಟ ಅಥವಾ ಹೋಮ್‌ಸ್ಟೇ ಅಂಗಳದಲ್ಲಿ ಬಾಡಿಗೆ ಕೊಟ್ಟು ನಿಲ್ಲಿಸುತ್ತೇವೆ. ಮಳೆ ಹಿಡಿಯುವ ಮುಂಚೆ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯ ನಮ್ಮ ಮೂಲಮನೆಗೆ ಹೋಗುತ್ತೇವೆ. ಈ ಕ್ರಮ ತಾನಾಗಿಯೇ ಕೂಡಿಬಂತು. ಅಡಿಕೆ ಕೊಯ್ಲಿನ ಕಾಲದಲ್ಲಿ ಮೂಲಮನೆಯ ಅಂಗಳದ ತುಂಬ ಚಾಲಿ, ಅಂದರೆ ಸಿಪ್ಪೆಸಹಿತ ಹರವಿದ ಹಣ್ಣಡಿಕೆ, ಒಣಗುತ್ತಿರುತ್ತದೆ, ವಾಹನಕ್ಕೆ ಜಾಗವಿಲ್ಲ. ಅದೇ ಒಣ ತಿಂಗಳುಗಳು ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣುಗಿನಿಂದ ಹರಡುತ್ತದೆ, ನಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿಗೂ ಬಂದಿದೆ. ನಾಯಿಯನ್ನು ಆ ದಿನಗಳಲ್ಲಿ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಬಿಟ್ಟು, ಅದೇ ನಾಯಿಯ ಪಕ್ಕ ಒಂದೇ ಕೋಣೆಯಲ್ಲಿ ಮಲಗುವುದು ಸರಿಯಲ್ಲ. ಮಳೆಗಾಲದಲ್ಲಿ ಹೆದ್ದಾರಿ ಬದಿಯಲ್ಲಿ ತಂಗುವುದನ್ನಂತೂ ನಾವು ಪೂರ್ತಿ ಬಿಟ್ಟಿದ್ದೇವೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದದ್ದು ಹೆದ್ದಾರಿ ಬದಿಯ ಚಹಾದಂಗಡಿ ಇದ್ದ ಕಡೆಗೇ. ಗುಡ್ಡ ಕಡಿದು ಮಾಡಿದ ರಸ್ತೆಯ ಕೆಳಗೆ, ಚಹಾ ಕುಡಿಯುವಷ್ಟು ಹೊತ್ತು ಕೂಡ, ಮಳೆಯಲ್ಲಿ ವಾಹನ ನಿಲ್ಲಿಸಬೇಡಿ.

ಕರಾವಳಿಯಲ್ಲಿ ನಿತ್ಯದ ಪಂಚಾಯಿತಿ ನೆರಳು ಮತ್ತು ಬಿಸಿಲಿನದು. ನಾಯಿಗೆ ನೆರಳು ಬೇಕು, ಸೋಲಾರ್‌ಗೆ ಬಿಸಿಲು ಬೇಕು. ತೆಂಗಿನ ಮರದ ಕೆಳಗೆ ನಿಲ್ಲಿಸುವ ಮಾತೇ ಇಲ್ಲ, ಒಂದು ಕಾಯಿ ಬಿದ್ದರೆ ಪ್ಯಾನೆಲ್ ಹೋಯಿತು. ಗಾಳಿಮರದ ತೋಪು ತಂಪಾಗಿರುತ್ತದೆ, ಆದರೆ ಅದರ ಸೂಜಿಯಂಥ ಎಲೆಗಳು ಚಾವಣಿಯ ನೀರು ಹೋಗುವ ತೂತುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಎಸಿ ಇದೆಯಲ್ಲ ಎನ್ನುವವರಿಗೆ ಲೆಕ್ಕ ಹೇಳುತ್ತೇನೆ. ನಮ್ಮ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು ಎರಡೂವರೆ ಯೂನಿಟ್. ಚಾವಣಿಯ ಎಸಿ ಗಂಟೆಗೆ ಒಂದು ಯೂನಿಟ್‌ಗೂ ಮೇಲೆ ಎಳೆಯುತ್ತದೆ. ಅಂದರೆ ಎರಡು ಗಂಟೆಗೆ ಎಲ್ಲ ಖಾಲಿ, ಫ್ರಿಜ್ಜಿನಲ್ಲಿರುವ ಹಾಲೂ ಒಡೆಯುತ್ತದೆ. ಎಸಿ ಹಾಕುವುದು ಮನೆಯ ಕರೆಂಟಿಗೆ ವೈರ್ ಎಳೆದಾಗ ಮಾತ್ರ. ಅದೂ ಅರ್ತಿಂಗ್ ಸರಿಯಿದೆಯೇ ಎಂದು ನೋಡಿಕೊಂಡ ಮೇಲೆ. ನಮ್ಮ ಕಷ್ಟ ಬಗೆಹರಿಸಿದ್ದು ಎಸಿಯಲ್ಲ, ಉದ್ದ ವೈರಿನ ಒಂದು ಮಡಚುವ ಪ್ಯಾನೆಲ್ ಮತ್ತು ಕಡಿಮೆ ಕರೆಂಟು ಎಳೆಯುವ ಎರಡು 12 ವೋಲ್ಟ್ ಬಿಎಲ್‌ಡಿಸಿ ಫ್ಯಾನ್. ವಾಹನ ನೆರಳಿನಲ್ಲಿ, ಪ್ಯಾನೆಲ್ ಬಿಸಿಲಿನಲ್ಲಿ. ಇಷ್ಟು ದುಡ್ಡು ಸುರಿದ ವಾಹನದಲ್ಲಿ ನನಗೆ ಅತ್ಯಂತ ಪ್ರಿಯವಾದ ವಸ್ತು ಆ ಮಡಚುವ ಪ್ಯಾನೆಲ್.

ಇನ್ನು ಕಾಳು. ಬೀದಿಯಿಂದ ಬಂದ ನಾಟಿ ನಾಯಿ, ಈಗ ವಯಸ್ಸಾಗಿದೆ. ನಾಯಿಗಳು ಮೈ ತಂಪು ಮಾಡಿಕೊಳ್ಳುವುದು ಏದುಸಿರು ಬಿಟ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಹೊನ್ನಾವರದ ಗಾಳಿಯಲ್ಲಿ ತೇವ ತುಂಬಿರುವಾಗ ಆ ಉಪಾಯವೂ ಸರಿಯಾಗಿ ನಡೆಯುವುದಿಲ್ಲ. ಮುಚ್ಚಿದ ವಾಹನ ಬಿಸಿಲಿನಲ್ಲಿದ್ದರೆ ಹತ್ತೇ ನಿಮಿಷಕ್ಕೆ ಒಳಗಿನ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಹುದು. ಆದ್ದರಿಂದ ಅವನನ್ನು ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡು ನಾವಿಬ್ಬರೂ ಒಟ್ಟಿಗೆ ಎಲ್ಲಿಗೂ ಹೋಗುವುದಿಲ್ಲ. ಗೋಕರ್ಣದಲ್ಲಿ ದೇವರ ದರ್ಶನಕ್ಕೆ ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು. ನಾಯಿ ಸಾಕಿ ಕ್ಯಾರವಾನ್ ವಾಸ ಮಾಡಬೇಕೆನ್ನುವವರು ಈ ಒಂದು ಕಟ್ಟುಪಾಡಿಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಇಳಿಯಬೇಕು.

ವರ್ಕ್‌ಶಾಪಿನವರು ಕೊಟ್ಟ ಮಡಚುವ ಅಲ್ಯೂಮಿನಿಯಂ ಮೆಟ್ಟಿಲನ್ನು ಕಾಳು ಮೊದಲ ದಿನವೇ ನಿರಾಕರಿಸಿದ. ಮುಂದಿನ ಎರಡು ಕಾಲು ಮೇಲಿಟ್ಟು, ಸಂದಿಯಲ್ಲಿ ಕೆಳಗಿನ ನೆಲ ನೋಡಿ, ಹಿಂದೆ ಸರಿದು ನನ್ನ ಮುಖ ನೋಡುತ್ತಾ ನಿಂತ. ಎಷ್ಟು ಪುಸಲಾಯಿಸಿದರೂ ಅಷ್ಟೇ. ಕೊನೆಗೆ ಕುಮಟಾದ ಬಡಗಿಯೊಬ್ಬರಿಂದ ಸಂದಿಯಿಲ್ಲದ ಅಗಲ ಮರದ ಮೆಟ್ಟಿಲು ಮಾಡಿಸಿ, ಮೇಲೆ ಕಾಯರ್ ಮ್ಯಾಟ್ ಬಡಿಸಿದೆವು. ಆವತ್ತು ಸಂಜೆಯೇ ಹತ್ತಿದ. ಅದೇ ಮೆಟ್ಟಿಲು ಆಮೇಲೆ ಅತ್ತೆಯವರ ಮಂಡಿನೋವಿಗೂ ಒದಗಿತು. ಮನೆಯಲ್ಲಿ ವಯಸ್ಸಾದವರಿರಲಿ, ನಾಯಿಯಿರಲಿ, ಮೆಟ್ಟಿಲನ್ನು ಮಾತ್ರ ಫೋಟೊ ನೋಡಿ ಒಪ್ಪಬೇಡಿ.

ಯಾರೂ ಹೇಳದ ಇನ್ನೊಂದು ವಿಷಯವಿದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ನಾವು ಮಲಗುವುದು ಮಂಚದ ಮೇಲೆ, ನಾಯಿ ಮಲಗುವುದು ನೆಲದ ಮೇಲೆ. ಗ್ಯಾಸ್ ಎಚ್ಚರಿಕೆಯ ಅಲಾರಂ ನೆಲದಿಂದ ಒಂದು ಗೇಣಿನ ಎತ್ತರದಲ್ಲಿರಬೇಕು, ಸಿಲಿಂಡರ್ ಇಡುವ ಗೂಡಿಗೆ ತಳದಲ್ಲಿ ಹೊರಕ್ಕೆ ತೆರೆದ ಕಂಡಿ ಇರಬೇಕು. ನಮ್ಮದರಲ್ಲಿ ಅಲಾರಂ ಅನ್ನು ಕಣ್ಣಿನ ಮಟ್ಟಕ್ಕೆ ಹಾಕಿದ್ದರು. ಯಜಮಾನರು ಬಿಚ್ಚಿಸಿ ಕೆಳಗೆ ಹಾಕಿಸಿದರು.

ಕಡಲತೀರದಲ್ಲಿ ನಾಯಿಯನ್ನು ಎಲ್ಲೆಂದರಲ್ಲಿ ಬಿಡುವಂತಿಲ್ಲ ಎಂಬುದೂ ತಿಳಿದಿರಲಿ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಯ ನಿಯಮದಂತೆ ಅಲ್ಲಿ ಸಾಕುಪ್ರಾಣಿಗಳ ಓಡಾಟಕ್ಕೆ ಕಟ್ಟುನಿಟ್ಟಿನ ಹಿಡಿತವಿರಬೇಕು. ಅದಕ್ಕಿಂತ ದೊಡ್ಡ ಕಾರಣ ಕಡಲಾಮೆ. ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಆಲಿವ್ ರಿಡ್ಲೆ ಆಮೆಗಳು ನಮ್ಮ ತೀರದ ಮರಳಿನಲ್ಲಿ ಮೊಟ್ಟೆಯಿಡುತ್ತವೆ, ನಾಯಿಗಳು ಅದನ್ನು ಅಗೆದು ತಿನ್ನುತ್ತವೆ. ಆ ತಿಂಗಳುಗಳಲ್ಲಿ ಕಾಳುವಿನ ಕೊರಳಿನ ಹಗ್ಗ ನನ್ನ ಕೈಯಲ್ಲೇ ಇರುತ್ತದೆ. ಸುತ್ತಾಡಿ ಬಂದ ಮೇಲೆ ಕಾಲಿನ ಉಪ್ಪು, ಮರಳು ತೊಳೆಯಲು ಅರ್ಧ ಬಕೆಟ್ ನೀರು ಬೇಕು. ತೊಳೆಯದಿದ್ದರೆ ಬೆರಳ ಸಂದಿ ಕೆಂಪಾಗುತ್ತದೆ.

ಅರ್ಧ ಬಕೆಟ್ ಎಂದರೆ ಹೊರಗಿನವರಿಗೆ ಸಣ್ಣ ಮಾತು. ಇಲ್ಲಿ ಹಾಗಲ್ಲ. ಮಿತವಾಗಿ ಬಳಸಿದರೆ 150 ಲೀಟರ್ ನಮ್ಮಿಬ್ಬರಿಗೂ ಕಾಳುವಿಗೂ ಮೂರು ದಿನ ಬರುತ್ತದೆ. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಹುಬ್ಬಳ್ಳಿಯಿಂದ ಬಂದರೆ ಸಂಜೆಯೊಳಗೆ ಪಂಪು ಗರ್ ಎಂದು ಬರಿಗಾಳಿ ಎಳೆಯತೊಡಗುತ್ತದೆ. ಸಮುದ್ರದಲ್ಲಿ ಆಡಿ ಬಂದ ಮಕ್ಕಳನ್ನು ತಲೆಯಿಂದ ಕಾಲಿನವರೆಗೆ ತೊಳೆಯದೆ ಹಾಸಿಗೆ ಹತ್ತಿಸುವಂತಿಲ್ಲವಲ್ಲ. ತುಂಬಿಸಿಕೊಳ್ಳೋಣವೆಂದರೆ ಬೇಸಿಗೆಯಲ್ಲಿ ಹೊಳೆಬಾಯಿಯ ಹತ್ತಿರದ ಬಾವಿಗಳ ನೀರು ಉಪ್ಪಾಗಿರುತ್ತದೆ. ಅದನ್ನು ಟ್ಯಾಂಕಿಗೆ ಹಾಕಿದರೆ ಪಂಪು, ನಲ್ಲಿ ಎಲ್ಲಕ್ಕೂ ಕೇಡು. ಕುಡಿಯುವ ನೀರಿಗೆ ನಾವು ಬೇರೆ ಕ್ಯಾನ್ ಇಟ್ಟುಕೊಂಡಿದ್ದೇವೆ. ಶೌಚಾಲಯದ ಕ್ಯಾಸೆಟ್ಟಿನ ಕತೆಯೂ ಇದೇ: ಇಬ್ಬರಿಗೆ ಎರಡು ಮೂರು ದಿನ ಬರುವುದು ಆರು ಜನರಿಗೆ ಒಂದು ದಿನಕ್ಕೂ ಸಾಲದು. ಅದನ್ನು ಸುರಿಯಬೇಕಾದದ್ದು ಸೆಪ್ಟಿಕ್ ಟ್ಯಾಂಕ್ ಇರುವ ಶೌಚಾಲಯಕ್ಕೆ ಮಾತ್ರ. ತೋಪಿನಲ್ಲಿ, ಹಳ್ಳದಲ್ಲಿ ಸುರಿದು ಹೋದವರ ಗುರುತು ಕಂಡಾಗ ಹೊಟ್ಟೆ ಉರಿಯುತ್ತದೆ. ಅಂಥವರಿಂದಾಗಿಯೇ ಅಂಗಳ ಕೊಡುವವರು ನಮ್ಮಂಥವರನ್ನೂ ಅನುಮಾನದಿಂದ ನೋಡುತ್ತಾರೆ.

ಈಗ ಮಗಳ ಮನೆಯವರು ಬಂದಾಗ ಪಕ್ಕದಲ್ಲೇ ಹೋಮ್‌ಸ್ಟೇ ಕೋಣೆ ಹಿಡಿಯುತ್ತೇವೆ. ಸ್ನಾನ, ಶೌಚ, ರಾತ್ರಿಯ ನಿದ್ದೆ ಅಲ್ಲಿ. ಊಟ, ಆಟ, ಹರಟೆ ಇಲ್ಲಿ. ಚಿಕ್ಕವಳಿಗೆ ಇದು ಒಪ್ಪಿಗೆಯಿಲ್ಲ. "ಅಮ್ಮಮ್ಮ, ನಾನು ಕಾಳುವಿನ ಹತ್ತಿರ ಮಲಗುತ್ತೇನೆ" ಎಂದು ಹಟ ಹಿಡಿದು ಮೇಜಿನ ಹಾಸಿಗೆಯಲ್ಲಿ ಉಳಿದುಬಿಡುತ್ತಾಳೆ. ಒಂದು ಮಗುವಾದರೆ ಸರಿ. ಆ ಹಾಸಿಗೆ ದೊಡ್ಡವರ ಬೆನ್ನಿಗೆ ಅಲ್ಲವೇ ಅಲ್ಲ, ಮೆತ್ತೆಗಳ ನಡುವಿನ ಸಂದಿ ರಾತ್ರಿಯಿಡೀ ಒತ್ತುತ್ತದೆ.

ಅತ್ತೆಯವರು ಬರುವುದು ಬೇರೆಯೇ ಸಂಗತಿ. ಎಂಬತ್ತು ದಾಟಿದವರು, ನಾಯಿ ಓಡಾಡುವಲ್ಲಿ ಬೇಯಿಸಿದ್ದನ್ನು ಉಣ್ಣುವವರಲ್ಲ. ಅದು ಅವರು ಜೀವಮಾನವಿಡೀ ನಡೆಸಿಕೊಂಡು ಬಂದ ಕ್ರಮ, ಅದಕ್ಕೆ ಗೌರವ ಕೊಡಬೇಕಾದದ್ದು ನಾವು. ಇಲ್ಲಿ ಕೈಹಿಡಿದದ್ದು ವಾಹನದ ಪಕ್ಕಕ್ಕೆ ಬಿಚ್ಚುವ ಚಪ್ಪರ. ಅದರ ಕೆಳಗೆ ತೊಳೆದ ಮೇಜು, ಅವರದೇ ಪಾತ್ರೆ, ಹೊರಗಡೆ ಕೊಟ್ಟಿರುವ ಗ್ಯಾಸ್ ಪಾಯಿಂಟಿಗೆ ಬೇರೆ ಒಲೆ. ಕಾಳುವನ್ನು ಆಚೆ ಬದಿಯ ನೆರಳಿಗೆ ಕಟ್ಟುತ್ತೇವೆ. ಕಳೆದ ಸಲ ಮಾವಿನಕಾಯಿ ಬೇಯಿಸಿ ಕಿವುಚಿ, ಇಂಗು ಸಾಸಿವೆಯ ಒಗ್ಗರಣೆ ಕೊಟ್ಟು ಅಪ್ಪೆಹುಳಿ ಮಾಡಿದರು. ಲೋಟಕ್ಕೆ ಬಗ್ಗಿಸುತ್ತಾ ಮಗನಿಗೆ ಹೇಳಿದರು: "ತಮಾ, ಇದರ ಒಳಗಿಗಿಂತ ಜಗಲಿಯೇ ಚೆನ್ನಾಗಿದೆ." ಅವರ ಮಾತು ನಿಜ. ಎಂಟು ಜನ ಸುಖವಾಗಿ ಕೂರುವುದು ಅಲ್ಲಿಯೇ. ಚಪ್ಪರಕ್ಕೆ ಕೊಟ್ಟ ಹಣ ಪೂರ್ತಿ ಸಾರ್ಥಕ. ಸಂಜೆ ಕಡಲ ಗಾಳಿ ಏಳುವ ಮುಂಚೆ ಸುತ್ತಿಡುವುದನ್ನು ಮರೆಯಬಾರದು, ಚಪ್ಪರದ ಕೈ ಮುರಿದರೆ ಬಿಡಿಭಾಗ ಇಲ್ಲಿ ಸಿಗುವುದಿಲ್ಲ. ಅತ್ತೆಯವರೂ ರಾತ್ರಿ ಮಲಗುವುದು ಕೋಣೆಯಲ್ಲಿ; ನಮ್ಮ ಶೌಚಾಲಯದಲ್ಲಿ ಅವರು ತಿರುಗಿ ಕೂರುವಷ್ಟು ಜಾಗವಿಲ್ಲ.

ವರ್ಕ್‌ಶಾಪಿನ ಕೆಲಸದ ಬಗ್ಗೆ ನನಗೆ ಸಮಾಧಾನವಿಲ್ಲ. ಅಡುಗೆ ಕಟ್ಟೆಯ ಕೆಳಗೆ ಹಾಕಿದ್ದು ಸಾಧಾರಣ ಕಮರ್ಷಿಯಲ್ ಪ್ಲೈವುಡ್. ಶಿರಸಿಯ ಮಳೆಗೆ ಅದು ಹಪ್ಪಳದಂತೆ ಉಬ್ಬಿ ಬಾಗಿಲು ಹಾಕಲಾಗದಂತಾಯಿತು. ನಮ್ಮ ಕಡೆಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡೇ ಬೇಕು, ಹಾಳೆಯ ಮೇಲಿನ ಮುದ್ರೆಯನ್ನು ನೀವೇ ನೋಡಿ. ಚಾವಣಿಯ ಗಾಳಿಕಂಡಿಯ ಸುತ್ತ ಬಳಿದಿದ್ದ ಸಿಲಿಕೋನ್ ಬಿರಿದು ಮೊದಲ ಜೋರು ಮಳೆಗೇ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಫೋನ್ ಮಾಡಿದರೆ "ವಾಹನ ಇಲ್ಲಿಗೆ ತನ್ನಿ" ಎಂದರು, ಅಷ್ಟು ದೂರ ಮಳೆಯಲ್ಲಿ ಹೋಗುವುದು ಹೇಗೆ? ಊರಿನ ಮೆಕ್ಯಾನಿಕ್ ಹಳೆಯದನ್ನೆಲ್ಲ ಕೆರೆದು, ಬ್ಯುಟೈಲ್ ಟೇಪ್ ಕೊಟ್ಟು, ಮೇಲೆ ಪಾಲಿಯುರೆಥೇನ್ ಸೀಲೆಂಟ್ ಹಾಕಿದ ಮೇಲೆ ಹನಿ ನಿಂತಿದೆ. ಕೀಲು, ಸ್ಕ್ರೂಗಳು ಕಾರವಾರದ ಉಪ್ಪುಗಾಳಿಗೆ ಬೇಗನೆ ತುಕ್ಕು ಹಿಡಿದವು. ಸ್ಟೀಲ್ ಎಂದರೆ ಸಾಲದು, 316 ದರ್ಜೆಯ ಸ್ಟೀಲ್ ಕೇಳಿ ಹಾಕಿಸಿ. ಹಾಸಿಗೆಯ ಅಡಿಗೆ ಪೂರ್ತಿ ಹಲಗೆ ಬಡಿದಿದ್ದರಿಂದ ಬೂಷ್ಟು ಬರುತ್ತಿತ್ತು. ಹಲಗೆಯ ಬದಲು ಪಟ್ಟಿ ಹಾಕಿಸಿದ ಮೇಲೆ ಗಾಳಿಯಾಡಿ ವಾಸನೆ ಹೋಯಿತು.

ಓಡಿಸುವ ವಿಷಯದಲ್ಲಿ ದೂರಿಲ್ಲ. ಲೀಟರಿಗೆ ಎಂಟೊಂಬತ್ತು ಕಿಲೋಮೀಟರ್ ಕೊಡುತ್ತದೆ, ಘಟ್ಟದಲ್ಲಿ ಇನ್ನೂ ಕಡಿಮೆ. ಹೆದ್ದಾರಿ 66ರಲ್ಲಿ ಹಾಯಾಗಿ ಹೋಗುತ್ತದೆ. ಹಳ್ಳಿಯ ದಾರಿಯಲ್ಲಿ ಜೋತುಬಿದ್ದ ಸರ್ವಿಸ್ ವೈರು, ಊರ ಸ್ವಾಗತ ಕಮಾನು ಕಂಡಲ್ಲಿ ಒಬ್ಬರು ಇಳಿದು ನೋಡಲೇಬೇಕು.

ನಿವೃತ್ತ ದಂಪತಿಗೆ, ಹತ್ತಿರದಲ್ಲಿ ನೆಂಟರ ಅಂಗಳ ಇರುವವರಿಗೆ, ನಾಯಿಯನ್ನು ಬಿಟ್ಟು ಊರೂರು ತಿರುಗಲು ಮನಸ್ಸಾಗದವರಿಗೆ ಧಾರಾಳವಾಗಿ ಕೊಳ್ಳಿ ಎನ್ನುತ್ತೇನೆ. ನಮ್ಮ ಕಾಳುವಿನ ಕೊನೆಯ ವರ್ಷಗಳು ನಮ್ಮ ಕಣ್ಣೆದುರೇ ಕಳೆಯುತ್ತಿವೆ, ಯಾವ ಬೋರ್ಡಿಂಗ್ ಗೂಡಿನಲ್ಲೂ ಅಲ್ಲ. ನನಗೆ ಅದೇ ದೊಡ್ಡ ಲಾಭ. ಚಿಕ್ಕ ಮಕ್ಕಳಿರುವ ನಾಲ್ವರ ಕುಟುಂಬ ಮೊದಲು ಬಾಡಿಗೆಗೆ ಪಡೆದು, ಬೇಕೆಂದೇ ಮೇ ತಿಂಗಳಿನಲ್ಲಿ, ಇದ್ದು ನೋಡಲಿ.

ನಮ್ಮಲ್ಲಿ ಎರಡು ಕೆಲಸ ಬಾಕಿ ಇದೆ. ಬಾಗಿಲಿನ ಎದುರು ಬದಿಯಲ್ಲಿ ಕಿಟಕಿಯಿಲ್ಲದೆ ಗಾಳಿ ಹಾಯುವುದಿಲ್ಲ, ಅಲ್ಲೊಂದು ಕಿಟಕಿ ತೆಗೆಸಬೇಕು. ಚಾಸಿಯ ಕೆಳಗೆ ಇನ್ನೊಂದು 70 ಲೀಟರ್ ಟ್ಯಾಂಕ್ ಕೂರಿಸಬೇಕು. ನೀರು ತುಂಬಿದರೆ ಅಷ್ಟೇ ಕಿಲೋ ಭಾರ ಹೆಚ್ಚುವುದರಿಂದ ಹಿಂದಿನ ಆಕ್ಸಲ್ ತಾಳುತ್ತದೆಯೇ ಎಂದು ತೂಕ ಹಾಕಿಸಿ ನೋಡಿದ್ದಾಗಿದೆ, ಅವಕಾಶವಿದೆ. ಹೊನ್ನಾವರದ ವೆಲ್ಡರ್ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಮೊಮ್ಮಕ್ಕಳ ಬೇಸಿಗೆ ರಜೆಯೊಳಗೆ ಮುಗಿಸಿಕೊಡುತ್ತೇನೆ ಎಂದಿದ್ದಾರೆ.