ಸದ್ದಿಲ್ಲದ ಕಾರಿಗೆ ಹೊಕ್ಕ ಜೀರುಂಡೆ: 1937ರ ಬೆಂಟ್ಲಿ ಜೊತೆ ಆರು ವರ್ಷ

ಅಡುಗೆಮನೆ ಹೊಸದು ಮಾಡಿಸಲು ಎತ್ತಿಟ್ಟ ದುಡ್ಡಿಗೆ ಊರಿನ ಅಡಿಕೆ ತೋಟದ ನನ್ನ ಪಾಲನ್ನೂ ಸೇರಿಸಿ ಕೊಂಡ ಕಾರು ಇದು. ನಾಲ್ಕೂಕಾಲು ಲೀಟರಿನ ಬೆಂಟ್ಲಿ, ಬಾಡಿ ಕಟ್ಟಿದ್ದು ಪಾರ್ಕ್ ವಾರ್ಡ್ ಕಂಪನಿ. ನಾನಿರುವುದು ಇಂಗ್ಲೆಂಡಿನ ಡರ್ಬಿಯಲ್ಲಿ, ಇದರ ಚಾಸಿ, ಅಂದರೆ ಬಾಡಿ ಕೂರುವ ಕೆಳಗಿನ ಚೌಕಟ್ಟು, ತಯಾರಾದದ್ದೂ ಇದೇ ಊರಲ್ಲಿ.

ಭಾನುವಾರ ಬೆಳಗ್ಗೆ ಹೊರಡುವ ಮುಂಚಿನ ಐದು ನಿಮಿಷ ನನಗೆ ಪೂಜೆಗೆ ಅಣಿಮಾಡಿದ ಹಾಗೆ. ಸ್ವಿಚ್ ಹಾಕಿದರೆ ಪೆಟ್ರೋಲ್ ಪಂಪುಗಳು ಟಿಕ್ ಟಿಕ್ ಎನ್ನುತ್ತವೆ. ಅವು ಸುಮ್ಮನಾಗುವವರೆಗೆ ಕಾಯಬೇಕು. ಸ್ಟೀರಿಂಗ್ ನಡುವಿನ ಲಿವರುಗಳನ್ನು ಸರಿಸಿ ಗಾಳಿಯ ಜೊತೆ ಬೆರೆಯುವ ಪೆಟ್ರೋಲ್ ಹೆಚ್ಚಿಸಿ, ಕೈ ಥ್ರಾಟಲ್ ಚೂರು ತೆರೆದು, ಆಮೇಲೆ ಸ್ಟಾರ್ಟರ್. ಡ್ಯಾಶ್‌ಬೋರ್ಡಿನ ಕೆಳಗೆ ಇನ್ನೊಂದು ಪುಟ್ಟ ಪೆಡಲ್ ಇದೆ. ಒಮ್ಮೆ ಒತ್ತಿದರೆ ಚಾಸಿಯ ಕೀಲುಕೀಲಿಗೂ ಎಣ್ಣೆ ಹೋಗುತ್ತದೆ. ಅದು ಮಗಳ ಕೆಲಸ. ಒತ್ತಿ, ಪೆಡಲ್ ನಿಧಾನವಾಗಿ ಮೇಲೇಳುವುದನ್ನು ನೋಡುತ್ತಾ ಕೂರುತ್ತಾಳೆ.

ನನಗಿದ್ದ ಕೊರಗು ಒಂದೇ. ಎಂ1 ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ ಹೋದರೆ ಎಂಜಿನ್ ನಿಮಿಷಕ್ಕೆ 3000 ಸುತ್ತಿನ ಹತ್ತಿರ ತಿರುಗುತ್ತಿತ್ತು. ಯುದ್ಧಕ್ಕೆ ಮುಂಚಿನ ಒಡೆಯರಿಗೂ ಇದೇ ಕಷ್ಟ. ಜರ್ಮನಿಯ ಹೊಸ ಆಟೋಬಾನ್‌ಗಳಲ್ಲಿ ಎಡೆಬಿಡದೆ ಓಡಿಸಿದಾಗ ಬೇರಿಂಗುಗಳು ಸೋಲುತ್ತಿದ್ದವು. 1938ರ ಕೊನೆಗೆ ಕಂಪನಿಯೇ ಓವರ್‌ಡ್ರೈವ್ ಗೇರ್‌ಬಾಕ್ಸ್ ಕೊಟ್ಟಿತು, ಅದೇ ವೇಗಕ್ಕೆ ಎಂಜಿನ್ ಕಡಿಮೆ ತಿರುಗಿದರೆ ಸಾಕು ಎನ್ನುವಂಥದ್ದು. ಅದೇ ವರ್ಷ ಪ್ಯಾರಿಸ್ ಬಳಿ ವಿನ್ಯಾಸಕಾರ ಪೌಲಾನ್ ರೂಪಿಸಿ ಬಾಡಿ ತಯಾರಕ ಪೂರ್ಟೂ ಕಟ್ಟಿದ ಗಾಳಿಸೀಳುವ ಬಾಡಿಯ ಬೆಂಟ್ಲಿಗೆ ಹಿಂದಿನ ಆಕ್ಸಲ್ ಅನುಪಾತವನ್ನೂ, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಕಡೆಯಿಂದ ಎಷ್ಟು ಸುತ್ತು ಬೇಕೆಂಬ ಲೆಕ್ಕವನ್ನೂ, ಬದಲಿಸಿದ್ದರು. 1939ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ರೇಸ್ ಚಾಲಕ ಜಾರ್ಜ್ ಐಸ್ಟನ್ ಅದನ್ನು ಒಂದೇ ಗಂಟೆಯಲ್ಲಿ 114 ಮೈಲಿ ಓಡಿಸಿದರು.

ಅದನ್ನೇ ನೆನೆದು ನಾನೂ ಆ ಅನುಪಾತ ತೀರ್ಮಾನಿಸುವ ಕ್ರೌನ್ ವೀಲ್, ಪಿನಿಯನ್ ಎಂಬ ಗೇರುಗಳ ಜೋಡಿ ಬದಲಿಸಲು ಒಂದು ಗ್ಯಾರೇಜಿಗೆ ಕೊಟ್ಟೆ. ಕಾರು ಮರಳಿ ಬಂತು. ಹೆದ್ದಾರಿಯಲ್ಲಿ ಎಂಜಿನ್ ಹಾಯಾಗಿತ್ತು. ಆದರೆ ಬಕ್ಸ್ಟನ್ ದಾರಿಯಲ್ಲಿ, 45ರಿಂದ 55 ಮೈಲಿಯ ನಡುವೆ, ಹಿಂದಿನಿಂದ ಒಂದೇ ಸಮನೆ ಜೀರ್ ಎಂಬ ಸದ್ದು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮಾಯ.

"ರೀ, ಮಳೆಗಾಲದ ತೀರ್ಥಹಳ್ಳಿ ಕಾಡಿನ ಹಾಗಿದೆಯಲ್ಲ," ಅಂದಳು ನನ್ನಾಕೆ. ನನಗೆ ಸಿಟ್ಟು ಬಂತು, ದುಃಖವೂ ಆಯಿತು. ಸದ್ದಿಲ್ಲದ ಸ್ಪೋರ್ಟ್ಸ್ ಕಾರೆಂದೇ ಜಾಹೀರಾತಿನಲ್ಲಿ ಹೆಸರಾಗಿದ್ದ ಗಾಡಿ ಇದು. ಗ್ಯಾರೇಜಿನವರು ಹಳೇ ಕಾರು ಅಂದರೆ ಹೀಗೇ ಅಂದರು. ಎರಡು ವರ್ಷ ಅದರ ಜೊತೆ ಬಾಳಿದೆ. ಪ್ರತಿ ಸಲವೂ ಯಾವ ವೇಗಕ್ಕೆ ಶುರು, ಯಾವುದಕ್ಕೆ ನಿಂತಿತು ಎಂದು ಪುಸ್ತಕದಲ್ಲಿ ಬರೆದಿಟ್ಟೆ.

ಕೊನೆಗೆ ಕೈಹಿಡಿದದ್ದು ಆ ಪುಸ್ತಕವೇ. ನಿವೃತ್ತರಾದ ಒಬ್ಬ ಮೆಕ್ಯಾನಿಕ್ ಅದನ್ನು ಓದಿ, ಆಕ್ಸಲ್ ಬಿಚ್ಚಿ, ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ ತೋರಿಸಿದರು. ಗುರುತು ಹಲ್ಲಿನ ನಡುವೆ ಬೀಳದೆ ಅಂಚಿಗೆ ಸರಿದಿತ್ತು. ಪಿನಿಯನ್ ಕೂತ ಆಳವೇ ತಪ್ಪು. ಆಳ ಹೊಂದಿಸುವ ಶಿಮ್ ಎಂಬ ತೆಳು ಬಿಲ್ಲೆ ಬದಲಿಸಿ, ಮತ್ತೆ ಬಣ್ಣ ಹಚ್ಚಿ, ಮತ್ತೆ ಬಿಚ್ಚಿ, ನಾಲ್ಕನೇ ಸಲಕ್ಕೆ ಸರಿಯಾಯಿತು.

ಅಂದು ಸಂಜೆ ಆಶ್‌ಬೋರ್ನ್ ದಾಟಿ 50ಕ್ಕೆ ಹೋದಾಗ ಟೈರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮಗಳು ಹಿಂದೆ ನಿದ್ದೆ ಹೋಗಿದ್ದಳು.

ಕಳೆದುಕೊಂಡದ್ದೂ ಇದೆ. ಬಕ್ಸ್ಟನ್ ಬಳಿಯ ಕ್ಯಾಟ್ ಆ್ಯಂಡ್ ಫಿಡಲ್ ಏರನ್ನು ಮೊದಲು ಟಾಪ್ ಗೇರಿನಲ್ಲೇ ಹತ್ತುತ್ತಿತ್ತು, ಈಗ ಮೂರಕ್ಕೆ ಇಳಿಯಲೇಬೇಕು. ಗೇರ್ ಲಿವರ್ ಬಲಗಡೆ, ತೊಡೆಗೂ ಬಾಗಿಲಿಗೂ ನಡುವೆ. ಎಷ್ಟು ನಯವಾಗಿ ಕೂರುತ್ತದೆಂದರೆ ಅದಕ್ಕೆಂದೇ ಆ ದಾರಿ ಹಿಡಿಯುತ್ತೇನೆ. ಗುಡ್ಡಗಾಡಿನ ಊರಲ್ಲಷ್ಟೇ ಓಡಿಸುವವರು ಆಕ್ಸಲ್ ಮುಟ್ಟಬೇಡಿ. ನನ್ನ ಹಳೆಯ ಗೇರು ಜೋಡಿಗೆ ಗ್ರೀಸ್ ಬಳಿದು, ಬಟ್ಟೆ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಕಾರು ಯಾರ ಕೈಗೆ ಹೋದರೂ ಅದೂ ಜೊತೆಗೆ ಹೋಗುತ್ತದೆ.