ಮಳೆಗಾಲದಲ್ಲಿ ಆಮೆಯನ್ನು ಹಿತ್ತಿಲಿಗೆ ಬಿಡಬೇಡಿ

ಕಾರವಾರದ ಮನೆಯೊಂದರ ಹಿತ್ತಿಲಲ್ಲಿ ಆರಾಮಾಗಿ ಓಡಾಡಿಕೊಂಡಿದ್ದ, ಆಫ್ರಿಕಾ ಮೂಲದ ಸುಲ್ಕಾಟಾ ಆಮೆ ಈ ಸಲದ ಮಳೆಗಾಲ ದಾಟಲಿಲ್ಲ. ನಾಯಿ ಕಚ್ಚಿದ್ದಲ್ಲ, ಯಾರೂ ಕದ್ದದ್ದಲ್ಲ. ಮೇ ತನಕ ಸರಿಯಿದ್ದ ಜಾಗವೇ ಜುಲೈನಲ್ಲಿ ಅದರ ಜೀವ ತೆಗೆಯಿತು. ಅಂಕೋಲಾ, ಕುಮಟಾ, ಶಿರಸಿ ಕಡೆ ಹೀಗೇ ಸಾಕುತ್ತಿರುವವರು ದಯವಿಟ್ಟು ಪೂರ್ತಿ ಓದಿ.

ಮೊದಲು ಮೂಗಿನ ಹೊಳ್ಳೆಯಲ್ಲಿ ಸಣ್ಣ ಗುಳ್ಳೆ ಕಾಣಿಸಿತು. ಮಳೆನೀರಿರಬೇಕು ಅಂದುಕೊಂಡರು. ಆಮೇಲೆ ಕತ್ತು ಚಾಚಿ, ಬಾಯಿ ತೆರೆದು ಉಸಿರಾಡತೊಡಗಿತು. ಅಷ್ಟರಲ್ಲಿ ನ್ಯುಮೋನಿಯಾ ಬಲಿತಿತ್ತು. ಆಮೆಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ, ಅದು ಶ್ವಾಸಕೋಶದಲ್ಲೇ ಉಳಿಯುತ್ತದೆ. ಹೊಟ್ಟೆಯ ಚಿಪ್ಪಿನ ಸಂದುಗಳೂ ನಸುಗೆಂಪಾಗಿದ್ದವು, ಒತ್ತಿದರೆ ಮೆತ್ತಗೆ, ಕೊಳೆತ ವಾಸನೆ. ವಾರಕ್ಕೊಮ್ಮೆ ಎತ್ತಿ ಕೆಳಭಾಗ ನೋಡುವ ರೂಢಿ ಇಟ್ಟುಕೊಳ್ಳಿ.

ಸುಲ್ಕಾಟಾ ಸಹಾರಾದ ದಕ್ಷಿಣದಂಚಿನ ಒಣನೆಲದ ಪ್ರಾಣಿ. ನಮ್ಮ ಕರಾವಳಿಯಲ್ಲಿ ವಾರಗಟ್ಟಲೆ ಬಿಸಿಲೇ ಬೀಳುವುದಿಲ್ಲ. ನಮಗೆ ಸೆಕೆ ಅನ್ನಿಸಿದರೂ 25 ಡಿಗ್ರಿಯ ಒದ್ದೆ ನೆಲದಲ್ಲಿ ಅದರ ಮೈ ಕಾಯುವುದಿಲ್ಲ. ಮೈ ಕಾಯದೆ ತಿಂದದ್ದು ಅರಗದು, ರೋಗ ತಡೆಯುವ ಶಕ್ತಿಯೂ ಇರದು. ತಿನ್ನುತ್ತಿಲ್ಲ ಎಂದು ಬಾಳೆಹಣ್ಣು, ಅನ್ನ ತಿನ್ನಿಸಹೋದರೆ ಹೊಟ್ಟೆಯಲ್ಲೇ ಹುಳಿಯುತ್ತದೆ. ಮೊದಲು ಕಾವು, ಆಮೇಲೆ ಮೇವು. ಮೇವೆಂದರೆ ಮುಖ್ಯವಾಗಿ ಹುಲ್ಲು, ಜೊತೆಗೆ ದಾಸವಾಳದ ಎಲೆ, ಹೂವು.

ಹಾಗಾಗಿ ಮೇ ಮುಗಿಯುವುದರೊಳಗೆ ಗೂಡು ಸಿದ್ಧವಿರಲಿ. ಚಿರೇಕಲ್ಲು ಇಟ್ಟು ನೆಲದಿಂದ ಒಂದಡಿ ಎತ್ತರಿಸಿ, ಮೇಲೆ ಹಂಚು ಹೊದೆಸಿ, ಇರಚಲು ಬಡಿಯುವ ಪಡುವಣ ಬದಿ ಪೂರ್ತಿ ಮುಚ್ಚಿ. ಒಳಗೆ ನಾಲ್ಕಾರು ಇಂಚು ಒಣಹುಲ್ಲು, ಒದ್ದೆಯಾದ ದಿನವೇ ಬದಲಿಸಬೇಕು. ಬೆಳಕು ಬೀರದ ಸೆರಾಮಿಕ್ ಹೀಟರನ್ನು ಚಿಪ್ಪಿನಿಂದ ಒಂದಡಿಗೂ ಮೇಲೆ, ತಂತಿಜಾಲರಿಯೊಳಗೆ ತೂಗುಹಾಕಿ. ಕಾವನ್ನು ಹದದಲ್ಲಿಡುವ ಥರ್ಮೋಸ್ಟ್ಯಾಟ್ ರಾತ್ರಿ 27-28 ಡಿಗ್ರಿಗೆ ಇರಲಿ. ಹಗಲು ಒಂದು ಮೂಲೆಯಲ್ಲಾದರೂ 35 ಡಿಗ್ರಿ ಸಿಗಬೇಕು. ಲೈನಿಗೆ ಇಎಲ್‌ಸಿಬಿ (ಕರೆಂಟು ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಒದ್ದೆ ಹಿತ್ತಿಲು ಅದು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಕೊಡುವ ಯುವಿಬಿ ದೀಪವೂ ಬೇಕು. ಕಿಟಕಿ ಗಾಜು ದಾಟಿ ಬರುವ ಬಿಸಿಲಲ್ಲಿ ಚಿಪ್ಪಿಗೆ ಬೇಕಾದ ಆ ಕಿರಣ ಇರುವುದಿಲ್ಲ.

ಬೇಲಿ ತಂತಿಯದ್ದು ಬೇಡ. ಆಚೆ ಕಂಡರೆ ನೂಕುತ್ತದೆ, ಇಲ್ಲವೇ ಅಡಿಯಿಂದ ತೋಡುತ್ತದೆ. ಕಲ್ಲಿನ ಗೋಡೆ ಎರಡಡಿ ಮೇಲೆ, ಎರಡಡಿ ಕೆಳಗೆ.

ಅಡಿಕೆ ತೋಟ ಇರುವವರು ಇನ್ನೊಂದು ಗಮನಿಸಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬುಡದ ಹುಲ್ಲಿನ ಮೇಲೆಲ್ಲ ತೊಟ್ಟಿಕ್ಕುತ್ತದೆ. ಅದರಲ್ಲಿರುವುದು ಮೈಲುತುತ್ತ. ಆ ಹುಲ್ಲು ಆಮೆಗೆ ವಿಷ. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯೂ ಅಷ್ಟೇ ಅಪಾಯ. ಕಣಗಿಲೆ, ಕೆಸು, ಉಮ್ಮತ್ತಿ ಗಿಡಗಳನ್ನು ಆವರಣದೊಳಗಿಂದ ಕಿತ್ತುಹಾಕಿ.

ಹೀಗೆಂದ ಮೇಲೆ ಅತಿ ಮುಖ್ಯವಾದದ್ದು: ದನದ ಉಣ್ಣೆಗೆ ಕೊಡುವ ಐವರ್‌ಮೆಕ್ಟಿನ್ ಆಮೆಗೆ ಯಾವ ಕಾರಣಕ್ಕೂ ಬೇಡ. ಆಮೆಗಳಲ್ಲಿ ಅದು ಪಾರ್ಶ್ವವಾಯು ತಂದು ಕೊಲ್ಲುತ್ತದೆ. ಪಶುವೈದ್ಯರ ಬಳಿ ಹೋದಾಗ ನೀವೇ ಬಾಯಿಬಿಟ್ಟು ಹೇಳಿ.

ನಿಮ್ಮಲ್ಲಿರುವುದು ನಕ್ಷತ್ರ ಆಮೆಯೇ? ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹೆದರಿ ಕಾಡಿಗೆ ಬಿಡಬೇಡಿ, ಮಲೆನಾಡಿನ ಕಾಡು ಅದರ ಜಾಗವಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಿ. ಸುಲ್ಕಾಟಾ ಇದ್ದವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.