364 ಗ್ರಾಂನ ರಾಡ್-ರೀಲ್: ಕಾಗಿಣಾದಲ್ಲಿ, ಕಾರವಾರದಲ್ಲಿ ಎರಡು ವರ್ಷ

ಮೀನು ಹಿಡಿಯುವ ಈ ಜೋಡಿ ನನ್ನ ಕೈಗೆ ಬಂದು ಎರಡು ವರ್ಷ ಆಯಿತು. 7 ಅಡಿ ಉದ್ದದ, ಎರಡು ತುಂಡಿನ ಕಾರ್ಬನ್ ರಾಡ್. 5ರಿಂದ 20 ಗ್ರಾಂ ತೂಕದ ಲೂರ್, ಅಂದರೆ ಮೀನನ್ನು ಸೆಳೆಯುವ ನಕಲಿ ಎರೆ, ಎಸೆಯಲು ಮಾಡಿದ್ದು. ಅದಕ್ಕೆ ದಾರ ಸುತ್ತಲು 2500 ಸೈಜಿನ ಸ್ಪಿನ್ನಿಂಗ್ ರೀಲ್. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ. ರಾಡ್ 118 ಗ್ರಾಂ, ರೀಲ್ 246. ಮೊದಲಿದ್ದ ಫೈಬರ್ ರಾಡ್, ದೊಡ್ಡ ರೀಲ್ ಸೇರಿದರೆ ಮುಕ್ಕಾಲು ಕೆಜಿ ಹತ್ತಿರ ಬರುತ್ತಿತ್ತು. ಎರಡು ತಾಸು ಎಸೆದರೆ ಮಣಿಕಟ್ಟು ಹಿಡಿದುಕೊಳ್ಳುತ್ತಿತ್ತು. ಈಗ ಬೆಳಗ್ಗೆ ಆರಕ್ಕೆ ಶುರು ಮಾಡಿ ಬಿಸಿಲೇರುವವರೆಗೂ ಎಸೆಯುತ್ತೇನೆ, ಕೈ ನೋಯುವುದಿಲ್ಲ.

ಇದು ಸಮುದ್ರದ ಸಾಫ್ಟ್ ಬೇಟ್ (ಮೆತ್ತನೆ ರಬ್ಬರಿನ ನಕಲಿ ಎರೆ) ಸೆಟ್ ಅಂತಲೇ ಮಾರಾಟವಾಗುವುದು. ನಾನಿರುವುದು ಕಲಬುರಗಿ. ವರ್ಷಕ್ಕೆ ಎರಡು ಸಲ ಕಾರವಾರಕ್ಕೆ ಹೋಗುತ್ತೇನೆ, ತಂಗಿ ಮನೆ ಅಲ್ಲಿದೆ. ಉಳಿದ ಭಾನುವಾರಗಳೆಲ್ಲ ಕಾಗಿಣಾ ನದಿ, ಭೀಮಾ, ಇಲ್ಲವೇ ಶಹಾಬಾದ್ ಕಡೆಯ ನೀರು ತುಂಬಿದ ಪರ್ಸಿ ಕಲ್ಲಿನ ಖಣಿ. ಹಾಗಾಗಿ ಈ ಸೆಟ್ಟು ಉಪ್ಪುನೀರು, ಸಿಹಿನೀರು ಎರಡನ್ನೂ ಕಂಡಿದೆ.

ಹಗುರ ಅಂದರೆ ಬರೀ ಕೈಗೆ ಆರಾಮ ಅಂದುಕೊಂಡಿದ್ದೆ. ನಿಜವಾದ ಲಾಭ ಬೇರೆ. ನೀರಿನ ಕೆಳಗೆ ಏನಾಗುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ಕಾಗಿಣಾದ ತಳದಲ್ಲಿ ಕೆಲವು ಕಡೆ ಮನೆಯ ನೆಲಕ್ಕೆ ಹಾಸುತ್ತೇವಲ್ಲ, ಅದೇ ಪರ್ಸಿ ಕಲ್ಲಿನ ಹಾಸು. ತಲೆಗೆ ಗುಂಡು ಬೆಸೆದ ಗಾಳವಾದ 7 ಗ್ರಾಂ ಜಿಗ್ ಹೆಡ್‌ಗೆ ಮೂರು ಇಂಚಿನ ರಬ್ಬರ್ ಮೀನು ಚುಚ್ಚಿ ಎಸೆದು, ದಾರ ಬಿಗಿಯಾಗಿಟ್ಟುಕೊಂಡು ಮುಳುಗಲು ಬಿಡುತ್ತೇನೆ. ಕಲ್ಲಿಗೆ ತಾಗಿದರೆ 'ಟಕ್' ಅಂತ ಗಟ್ಟಿಯಾಗಿ ಹಿಡಿಕೆಗೆ ಬರುತ್ತದೆ. ಕೆಸರಿಗೆ ಬಿದ್ದರೆ ಸದ್ದಿಲ್ಲ, ದಾರ ಸುಮ್ನೆ ಸಡಿಲಾಗುತ್ತದೆ. ಕಳೆಗೆ ಸಿಕ್ಕಿದರೆ ಒದ್ದೆ ಬಟ್ಟೆ ಎಳೆದ ಹಾಗೆ. ಸುತ್ತುವಾಗ ರಬ್ಬರ್ ಮೀನಿನ ಬಾಲ ಬಡಿಯುವ ನಡುಕ ಕೂಡ ಬೆರಳಿಗೆ ಸಿಗುತ್ತದೆ. ಆ ನಡುಕ ತಟ್ಟನೆ ನಿಂತರೆ ಎಷ್ಟೋ ಸಲ ಅದು ಮೀನೇ. ಹಳೆಯ ರಾಡಿನಲ್ಲಿ ಇದ್ಯಾವುದೂ ತಿಳಿಯುತ್ತಿರಲಿಲ್ಲ.

ಇದರಲ್ಲಿ ದಾರದ ಪಾಲೂ ದೊಡ್ಡದು. ನೈಲಾನ್ ಹಿಗ್ಗುತ್ತದೆ, ಎಳೆ ಹೆಣೆದು ಮಾಡಿದ ಬ್ರೇಡ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ನಾನು ಹಾಕಿರುವುದು ಪಿಇ 1 ದಪ್ಪದ ಬ್ರೇಡ್, ಕೊನೆಗೆ ಎರಡು ಮಾರು ಫ್ಲೋರೋಕಾರ್ಬನ್ ಲೀಡರ್, ಅಂದರೆ ಸವೆತ ತಡೆಯುವ ತುದಿದಾರ. ಪರ್ಸಿ ಕಲ್ಲಿನ ಅಂಚು ಚೂಪು. ಲೀಡರ್ ಇಲ್ಲದೆ ಬ್ರೇಡ್ ಅಲ್ಲಿ ಉಳಿಯುವುದಿಲ್ಲ.

ಕಳೆದ ಚಳಿಗಾಲ ಭೀಮಾ ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಕಾಕಾ ಒಬ್ಬರು ರಾಡ್ ಕೈಗೆ ತಗೊಂಡು, "ತಮ್ಮಾ, ಇದು ಜ್ವಾಳದ ದಂಟಿನಂಗ ಅದಲ್ಲೋ, ಬಾಳೆಮೀನ ಹಿಡದ್ರ ತಡೀತದೇನು?" ಅಂದರು. "ಬಯಲು ನೀರಾಗ ತಡೀತದ ಕಾಕಾ, ಜೊಂಡಿನಾಗ ಇಲ್ಲ" ಅಂದೆ. ಅದೇ ಇದರ ಮಿತಿ. ಬಯಲು ನೀರಿನಲ್ಲಿ ಒಂದೂವರೆ ಕೆಜಿ ಕೊರಮೀನು ಹಿಡಿದಿದ್ದೇನೆ, ರಾಡ್ ಬುಡದವರೆಗೆ ಬಾಗಿ ಆರಾಮಾಗಿ ದಣಿಸಿತು. ಅದೇ ಮೀನು ಜೊಂಡಿನೊಳಗೆ ನುಗ್ಗಿದರೆ ಎಳೆದು ತರುವ ಬಲ ಇದಕ್ಕಿಲ್ಲ. ಖಣಿಯ ಮೂಲೆಯಲ್ಲಿ ಹಾಗೆ ಮೂರು ಮೀನು ಕಳಕೊಂಡೆ. ಬಾಯಲ್ಲಿ ಗಾಳ ಇಟ್ಟುಕೊಂಡು ಹೋದ ಮೀನಿನ ಚಿಂತೆ ಜಾಸ್ತಿ ಕಾಡುತ್ತದೆ. ಈಗ ಜೊಂಡು ಇರುವ ಕಡೆ ಈ ರಾಡ್ ಒಯ್ಯುವುದೇ ಇಲ್ಲ. ಮಳೆಗಾಲದಲ್ಲಿ ಕೊರಮೀನು ಮರಿಗಳ ಗುಂಪನ್ನು ಕಾಯುತ್ತಿರುತ್ತವೆ, ಆಗ ಯಾವ ರಾಡೂ ಬೇಡ. ತಾಯಿ ತಂದೆ ಹೋದರೆ ಮರಿಗಳನ್ನು ಉಳಿದ ಮೀನು ತಿಂದು ಮುಗಿಸುತ್ತವೆ.

ಇನ್ನು ರೀಲ್. ಮೊದಲ ವರ್ಷ ಒಂದು ದೂರೂ ಇರಲಿಲ್ಲ. ಎರಡನೇ ಸಲ ಕಾರವಾರಕ್ಕೆ ಹೋದಾಗ ಕಾಳಿ ನದಿ ಸಮುದ್ರ ಸೇರುವ ಕಡೆ, ನೀರು ಇಳಿಯುವ ಹೊತ್ತಿಗೆ, ಮೊಣಕಾಲುದ್ದ ನೀರಿನಲ್ಲಿ ನಿಂತು ಎಸೆದೆ. ಅಲ್ಲಿಯವರು ಚೊಣಕ್ ಅನ್ನುವ ಮೀನು ಎರಡು ಸಿಕ್ಕವು, ಎರಡೂ ಸಣ್ಣವು, ಬಿಟ್ಟೆ. ಆ ಖುಷಿಯಲ್ಲೇ ರಾತ್ರಿ ಬಸ್ ಹತ್ತಿದೆ. ರೀಲ್ ತೊಳೆದದ್ದು ಮೂರನೇ ದಿನ. ಅಷ್ಟರಲ್ಲಿ ದಾರ ಹಾದುಹೋಗುವ ಸಣ್ಣ ರೋಲರಿನ ಬೇರಿಂಗಿನಲ್ಲಿ ಉಪ್ಪು ಕೂತಿತ್ತು. ಮೊದಲು ಕಿರ್ ಕಿರ್ ಸದ್ದು, ತಿಂಗಳಲ್ಲಿ ರೋಲರ್ ತಿರುಗುವುದೇ ನಿಂತಿತು. ತಿರುಗದ ರೋಲರ್ ಮೇಲೆ ಉಜ್ಜಿ ಉಜ್ಜಿ ಬ್ರೇಡ್ ನೂಲು ನೂಲಾಗಿ ಎದ್ದಿತು. ತಪ್ಪು ನನ್ನದು. ಆದರೆ ಏಳು ವಾರ ಕಾದರೂ ಕಂಪನಿಯವರು ಒಂದು ಬೇರಿಂಗ್ ಕಳಿಸದೇ ಇದ್ದದ್ದು ಸರಿಯಲ್ಲ. ಕೊನೆಗೆ ಅದೇ ಅಳತೆಯ ಬೇರಿಂಗ್ ಬೇರೆ ಕಡೆಯಿಂದ ತರಿಸಿ ನಾನೇ ಹಾಕಿದೆ.

ಈಗ ಸಮುದ್ರದಿಂದ ಬಂದ ರಾತ್ರಿಯೇ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕ್) ಪೂರ್ತಿ ಬಿಗಿ ಮಾಡಿ, ಚೊಂಬಿನಿಂದ ಮೆಲ್ಲಗೆ ಸಿಹಿನೀರು ಹಾಕುತ್ತೇನೆ. ಬಕೆಟ್ಟಿನಲ್ಲಿ ಮುಳುಗಿಸಬಾರದು, ನಲ್ಲಿ ಜೋರಾಗಿ ಬಿಡಬಾರದು. ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಒರೆಸಿ, ಡ್ರ್ಯಾಗ್ ಸಡಿಲಿಸಿ, ನೆರಳಲ್ಲಿ ಇಡುತ್ತೇನೆ. ರೋಲರಿಗೆ ಒಂದೇ ಹನಿ ಎಣ್ಣೆ. ರಾಡಿನ ಉಂಗುರಗಳೊಳಗೆ ಸ್ವಲ್ಪ ಹತ್ತಿ ಎಳೆದು ನೋಡುತ್ತೇನೆ. ಎಳೆ ಸಿಕ್ಕಿಕೊಂಡರೆ ಒಳಗಿನ ಸೆರಾಮಿಕ್ ಸೀಳಿದೆ ಅಂತ ಅರ್ಥ. ತುದಿಯಿಂದ ಎರಡನೇ ಉಂಗುರ ಹಾಗೇ ಸಿಕ್ಕಿತು. ಕಣ್ಣಿಗೆ ಕಾಣುತ್ತಿರಲಿಲ್ಲ, ಹತ್ತಿ ತೋರಿಸಿತು.

ನಮ್ಮ ಕಡೆಯ ಬಿಸಿಲಿನ ಬಗ್ಗೆ ಒಂದು ಮಾತು. ಮೇ ತಿಂಗಳಲ್ಲಿ ಕಾರಿನೊಳಗೆ ಸಾಫ್ಟ್ ಬೇಟ್ ಡಬ್ಬಿ ಬಿಟ್ಟಿದ್ದೆ. ಸಂಜೆಗೆ ಬಾಲಗಳೆಲ್ಲ ಸೊಟ್ಟಗಾಗಿದ್ದವು. ಸೊಟ್ಟ ಬಾಲ ನೀರಲ್ಲಿ ಸರಿಯಾಗಿ ಅಲ್ಲಾಡುವುದಿಲ್ಲ. ಇನ್ನೊಂದು ಡಬ್ಬಿಯಲ್ಲಿ ಎಳೆದರೆ ತುಂಬಾ ಹಿಗ್ಗುವ ಜಾತಿಯನ್ನೂ ಮಾಮೂಲಿ ರಬ್ಬರನ್ನೂ ಒಟ್ಟಿಗೆ ಇಟ್ಟಿದ್ದೆ. ಎರಡೂ ಕರಗಿ ಒಂದೇ ಅಂಟು ಮುದ್ದೆಯಾಗಿತ್ತು. ಬೇರೆ ಬೇರೆ ಇಡಿ, ಬಂದ ಪ್ಯಾಕೆಟ್ಟಿನಲ್ಲೇ ಇಡಿ. ಹಾಗೇ, ಕಾರ್ಬನ್ನಿನಲ್ಲಿ ಕರೆಂಟ್ ಹರಿಯುತ್ತದೆ. ಹೊಲದ ಪಂಪ್‌ಸೆಟ್ ತಂತಿ ಜೋತುಬಿದ್ದಿರುವ ದಂಡೆಗಳಲ್ಲಿ ರಾಡ್ ಎತ್ತಿಕೊಂಡು ನಡೆಯಬೇಡಿ. ಗುಡುಗು ಕೇಳಿದರೆ ಕೆಳಗಿಟ್ಟು ಹೊರಡಿ.

ಯಾದಗಿರಿ ಕಡೆ ಕೃಷ್ಣೆಗೆ ಒಯ್ಯುವವರು ನೀರಿಗೆ ಇಳಿಯದೆ ದಂಡೆಯಿಂದಲೇ ಎಸೆಯಿರಿ, ಮೊಸಳೆಗಳಿವೆ. ಕೆರೆ, ಡ್ಯಾಮುಗಳಲ್ಲಿ ಮೀನು ಹಿಡಿಯುವ ಹಕ್ಕು ಟೆಂಡರಿನಲ್ಲಿ ಹೋಗಿರುತ್ತದೆ, ಅಲ್ಲಿಯವರನ್ನು ಮೊದಲು ಕೇಳಿ.

ರಾಡಿಗೆ ಐದಕ್ಕೆ ಐದು ಕೊಡುತ್ತೇನೆ, ರೀಲಿಗೆ ಮೂರು. ಮುಂದಿನ ಸಲ ಇದೇ ರಾಡ್ ಇಟ್ಟುಕೊಂಡು, ರೋಲರಿಗೆ ಉಪ್ಪುನೀರು ತಡೆಯುವ ಸೀಲ್ ಇರುವ 2500 ರೀಲ್ ತಗೊಳ್ಳುತ್ತೇನೆ. ಬೆಲೆ ಜಾಸ್ತಿ ಆದರೂ ಸರಿ.